ಕಾಲು ಪಾಲು ಪೊಟ್ಯಾಸಿಯಂ ಬೆರೆತ ಉಪ್ಪು: ಯಾರಿಗೆ ಒಳ್ಳೆಯದು, ಯಾರಿಗೆ ಬೇಡ

ರಕ್ತದೊತ್ತಡದ ಚಿಂತೆಯಿರುವವರಿಗೆಂದು ಮಾರಾಟಕ್ಕೆ ಬಂದಿರುವ ‘ಕಡಿಮೆ ಸೋಡಿಯಂ’ ಉಪ್ಪಿನ ಗುಣ ಇರುವುದು ಅದರಲ್ಲಿ ಬೆರೆಸಿರುವ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ. ನಾನು ಅಡುಗೆಗೆ ಬಳಸುತ್ತಿರುವ ಪೊಟ್ಟಣದಲ್ಲಿ ಮುಕ್ಕಾಲು ಪಾಲು ಮಾಮೂಲಿ ಸೋಡಿಯಂ ಕ್ಲೋರೈಡ್, ಉಳಿದ ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದೆ. ಪದಾರ್ಥ ನಿಜಕ್ಕೂ ಒಳ್ಳೆಯದು. ಆದರೆ ಪೊಟ್ಟಣವು ಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತನ್ನು ಕಟ್ಟಕಡೆಗೆ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಹೇಳುತ್ತದೆ.

ಮೊದಲು ರುಚಿಯ ವಿಷಯ. ನಾಲ್ಕು ಹರಳುಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡರೆ ಮೊದಲು ಉಪ್ಪೇ ತಿಳಿಯುತ್ತದೆ, ಹರಳು ಕರಗಿ ಮುಗಿಯುವ ಹೊತ್ತಿಗೆ ನಾಲಿಗೆಯ ಹಿಂಬದಿಯಲ್ಲಿ ತೆಳುವಾದ ಕಹಿ ಉಳಿಯುತ್ತದೆ. ಹುಳಿ, ಖಾರ ಬಿದ್ದ ಬಿಸಿ ಅಡುಗೆಯಲ್ಲಿ ಈ ಕಹಿ ಪೂರ್ತಿ ಮುಚ್ಚಿಹೋಗುತ್ತದೆ. ಹೆಚ್ಚಿದ ಸೌತೆಕಾಯಿಯ ಮೇಲೆ ಹಾಗೆಯೇ ಉದುರಿಸಿದಾಗ ಮಾತ್ರ ಗಮನಕ್ಕೆ ಬರುತ್ತದೆ. ಪೊಟ್ಯಾಸಿಯಂ ಪಾಲು ಅರ್ಧಕ್ಕೆ ಏರಿದ ಉಪ್ಪುಗಳೂ ಸಿಗುತ್ತವೆ. ಅವುಗಳ ಕಹಿ ಮರೆಮಾಚುವಂಥದ್ದಲ್ಲ, ಹೊಸಬರು ಅವುಗಳಿಂದ ಆರಂಭಿಸದಿರುವುದು ಲೇಸು.

ಈ ಬೆರಕೆಯಿಂದ ಒಳಿತಾಗುವುದಕ್ಕೆ ಕಾರಣ ದೇಹದ ರಚನೆಯಲ್ಲೇ ಇದೆ. ನಮ್ಮ ದೇಹದ ಪೊಟ್ಯಾಸಿಯಂನಲ್ಲಿ ಸುಮಾರು ಶೇ. 98ರಷ್ಟು ಜೀವಕೋಶಗಳ ಒಳಗಿದ್ದರೆ, ಸೋಡಿಯಂ ಬಹುಪಾಲು ಹೊರಗಿರುತ್ತದೆ. ಮೂರು ಸೋಡಿಯಂ ಕಣಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುವ ಪಂಪೊಂದು ಪ್ರತಿ ಕೋಶದ ಪೊರೆಯಲ್ಲೂ ಬಿಡುವಿಲ್ಲದೆ ದುಡಿಯುವುದರಿಂದಲೇ ನರಗಳು ಸಂದೇಶ ಸಾಗಿಸುತ್ತವೆ, ಹೃದಯ ಲಯ ತಪ್ಪದೆ ಬಡಿಯುತ್ತದೆ. ಊಟದಲ್ಲಿ ಪೊಟ್ಯಾಸಿಯಂ ಹೆಚ್ಚಿದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹೆಚ್ಚಾಗಿ ಹೊರಗೆ ಬಿಡುತ್ತವೆ, ರಕ್ತನಾಳಗಳ ಬಿಗಿತವೂ ಸಡಿಲುತ್ತದೆ. ಹಾಗಾಗಿ ಈ ಉಪ್ಪು ಒಂದನ್ನು ತಗ್ಗಿಸಿ ಇನ್ನೊಂದನ್ನು ಹೆಚ್ಚಿಸುವ ಮೂಲಕ ಎರಡು ಕಡೆಯಿಂದ ಕೆಲಸ ಮಾಡುತ್ತದೆ.

ಇದು ಬರೀ ಜಾಹೀರಾತಿನ ಮಾತಲ್ಲ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಳಸಿದ್ದೂ ಇದೇ ಮುಕ್ಕಾಲು–ಕಾಲು ಪ್ರಮಾಣದ ಉಪ್ಪನ್ನು. ಪಾಲ್ಗೊಂಡವರು ಹಿಂದೆ ಪಾರ್ಶ್ವವಾಯುವಿಗೆ ಒಳಗಾದವರು ಅಥವಾ 60 ದಾಟಿದ, ರಕ್ತದೊತ್ತಡವಿರುವವರು. ಸುಮಾರು ಐದು ವರ್ಷಗಳ ಅವಧಿಯಲ್ಲಿ, ಮಾಮೂಲಿ ಉಪ್ಪು ತಿಂದವರಿಗೆ ಹೋಲಿಸಿದರೆ ಈ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಉಪ್ಪಿನ ಡಬ್ಬಿಯೊಂದನ್ನು ಬದಲಿಸಿದ್ದಕ್ಕೆ ಇದು ಸಣ್ಣ ಫಲವಲ್ಲ.

ಆದರೂ ಇದನ್ನೇ ಪೊಟ್ಯಾಸಿಯಂನ ಮೂಲವೆಂದು ನಂಬಿ ಕೂರುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ಬೇಕೆನ್ನುತ್ತದೆ, ಉಪ್ಪು 5 ಗ್ರಾಂ ಮೀರಬಾರದೆನ್ನುತ್ತದೆ. ಆ 5 ಗ್ರಾಂ ಪೂರ್ತಿ ಈ ಉಪ್ಪೇ ಆದರೂ ಸಿಗುವ ಪೊಟ್ಯಾಸಿಯಂ ಸುಮಾರು 650 ಮಿಲಿಗ್ರಾಂ, ಅಂದರೆ ಒಂದೂವರೆ ಬಾಳೆಹಣ್ಣಿನಲ್ಲಿ ಇರುವಷ್ಟು. ಉಳಿದದ್ದು ಬೇಳೆಕಾಳು, ಸೊಪ್ಪು, ಆಲೂಗಡ್ಡೆ, ಹಣ್ಣುಗಳಿಂದಲೇ ಬರಬೇಕು. ತರಕಾರಿ ಬೇಯಿಸಿದ ನೀರನ್ನು ಚೆಲ್ಲಿದರೆ ಅದರೊಂದಿಗೆ ಪೊಟ್ಯಾಸಿಯಂ ಕೂಡ ಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಉಪ್ಪು ಸಪ್ಪೆಯೆನ್ನಿಸಿ ಮೂರನೇ ಒಂದು ಪಾಲು ಹೆಚ್ಚು ಹಾಕಿಕೊಂಡರೆ ಸೋಡಿಯಂ ಮೊದಲಿನ ಮಟ್ಟಕ್ಕೇ ಮರಳುತ್ತದೆ, ತಗ್ಗಿಸಿದ ಲಾಭವೆಲ್ಲ ಅಲ್ಲಿಗೆ ಮುಗಿಯುತ್ತದೆ.

ಈಗ ಪೊಟ್ಟಣದ ಮೇಲಿನ ನನ್ನ ಆಕ್ಷೇಪ. ಮುಂಬದಿಯಲ್ಲಿ ಹೃದಯದ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ ಕಡಿಮೆ ಸೋಡಿಯಂ ಎಂಬ ಘೋಷಣೆ. ಮೂತ್ರಪಿಂಡದ ಕಾಯಿಲೆಯಿರುವವರು ವೈದ್ಯರನ್ನು ಕೇಳಬೇಕೆಂಬ ಸಾಲು ಹಿಂಬದಿಯ ಮಡಿಕೆಯಲ್ಲಿ ಅರ್ಧ ಮರೆಯಾಗಿದೆ. ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಮೂತ್ರಪಿಂಡಗಳದ್ದು. ಅವು ದುರ್ಬಲವಾದಾಗ ಅದು ರಕ್ತದಲ್ಲಿ ಶೇಖರವಾಗುತ್ತದೆ, ಯಾವ ಲಕ್ಷಣವನ್ನೂ ತೋರಿಸದೆಯೇ ಹೃದಯದ ಲಯವನ್ನು ಕೆಡಿಸಬಹುದು. ರಕ್ತದೊತ್ತಡಕ್ಕೆಂದು ಕೊಡುವ ರಾಮಿಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆಗಳೂ ರಕ್ತದ ಪೊಟ್ಯಾಸಿಯಂ ಮಟ್ಟವನ್ನು ಏರಿಸುವಂಥವು. ಈ ಉಪ್ಪನ್ನು ಅತ್ಯಂತ ಆಸೆಯಿಂದ ಕೊಳ್ಳುವವರೂ ಬಹುಮಟ್ಟಿಗೆ ಇಂಥ ಮಾತ್ರೆ ನುಂಗುತ್ತಿರುವವರೇ ಆಗಿರುವಾಗ, ಎಚ್ಚರಿಕೆಯನ್ನು ಮುಂಬದಿಯಲ್ಲೇ ಅಚ್ಚು ಹಾಕದಿರುವುದು ನನಗೆ ಒಪ್ಪಿಗೆಯಾಗದ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಇಂಥ ಉಪ್ಪನ್ನು ಶಿಫಾರಸು ಮಾಡಿದಾಗಲೂ ಮಕ್ಕಳು, ಗರ್ಭಿಣಿಯರು ಮತ್ತು ಮೂತ್ರಪಿಂಡದ ತೊಂದರೆಯಿರುವವರನ್ನು ಅದರಿಂದ ಹೊರಗಿಟ್ಟಿತು.

ಮೂತ್ರಪಿಂಡಗಳು ಆರೋಗ್ಯವಾಗಿದ್ದು ಮೇಲಿನ ಮಾತ್ರೆಗಳನ್ನು ತೆಗೆದುಕೊಳ್ಳದ ವಯಸ್ಕರಿಗೆ ಈ ಉಪ್ಪನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಮಾತ್ರೆ ತೆಗೆದುಕೊಳ್ಳುವವರು ಕ್ರಿಯಾಟಿನಿನ್ (ಮೂತ್ರಪಿಂಡಗಳು ಹೇಗೆ ಕೆಲಸ ಮಾಡುತ್ತಿವೆ ಎಂಬುದನ್ನು ತಿಳಿಸುವ ಅಂಶ) ಮತ್ತು ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಒಪ್ಪಿಗೆ ಪಡೆದ ನಂತರವೇ ಕೊಳ್ಳಲಿ. ಮನೆಯಲ್ಲಿ ಒಬ್ಬರಿಗೆ ಇದು ವರ್ಜ್ಯವಾಗಿದ್ದರೆ ಎಲ್ಲರ ಅಡುಗೆಗೂ ಮಾಮೂಲಿ ಉಪ್ಪನ್ನೇ ಕಡಿಮೆ ಪ್ರಮಾಣದಲ್ಲಿ ಹಾಕುವುದು ಕ್ಷೇಮ. ಕೊಳ್ಳುವಾಗ ಪೊಟ್ಯಾಸಿಯಂ ಕ್ಲೋರೈಡಿನ ಶೇಕಡಾವಾರು ಪ್ರಮಾಣದ ಜೊತೆಗೆ ಅಯೋಡಿನ್ ಸೇರಿಸಿದೆಯೇ ಎಂಬುದನ್ನೂ ಓದಿ ನೋಡಬೇಕು, ಏಕೆಂದರೆ ಈ ಬಗೆಯ ಎಲ್ಲ ಉಪ್ಪುಗಳಲ್ಲೂ ಅದು ಇರುವುದಿಲ್ಲ.