ಶೂರ್ ಎಸ್‌ಎಂ58: ರಿಸೆಪ್ಶನ್ ನಿರೂಪಕಿಯ ಕಣ್ಣಲ್ಲಿ

ಮದುವೆ ರಿಸೆಪ್ಶನ್‌ಗಳಲ್ಲಿ ನಿರೂಪಣೆ ಮಾಡುವವಳು ನಾನು. ಮೈಕ್ ಬಗ್ಗೆ ಬರೆಯುವವರು ಹೆಚ್ಚಾಗಿ ಹಾಡುಗಾರರು. ಅವರಿಗೆ ಬೇಕಾದದ್ದೇ ಬೇರೆ. ನನ್ನ ಮೈಕ್ ಒಂದೇ ಸಂಜೆಯಲ್ಲಿ ಹುಡುಗಿಯ ಅಪ್ಪ, ಹುಡುಗನ ಗೆಳೆಯ, ಅಜ್ಜಿ, ಪುಟ್ಟ ಮಗು ಹೀಗೆ ಹತ್ತಾರು ಜನರ ಕೈಗೆ ಹೋಗಿ ಬರುತ್ತದೆ. ಅವರಲ್ಲಿ ಎಷ್ಟೋ ಜನ ಮೈಕ್ ಹಿಡಿಯುವುದು ಅವತ್ತೇ ಮೊದಲು. ಹಾಗಾಗಿ ನಾನು ಬಳಸುವ ಶೂರ್ ಕಂಪನಿಯ ಎಸ್‌ಎಂ58 ಮೈಕ್ ಅವರ ಕೈಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ನನಗೆ ಮುಖ್ಯ.

ಈ ಮೈಕ್ 1966ರಿಂದ ಮಾರುಕಟ್ಟೆಯಲ್ಲಿದೆ. ತೂಕ ಸುಮಾರು 300 ಗ್ರಾಂ. ಇದು ಡೈನಮಿಕ್ ಮೈಕ್, ಅಂದರೆ ದನಿಯ ಕಂಪನದಿಂದಲೇ ವಿದ್ಯುತ್ ಸಂಕೇತ ಹುಟ್ಟಿಸುವ ಬಗೆ. ಹಾಗಾಗಿ ಸೆಲ್ ಬೇಡ, ಸೌಂಡ್‌ನವರು ದನಿ ಹೊಂದಿಸುವ ಮಿಕ್ಸರ್‌ನಿಂದ ಕರೆಂಟೂ ಬೇಡ. ಕೇಬಲ್ ಸಿಕ್ಕಿಸಿದರೆ ಆಯಿತು.

ರಿಸೆಪ್ಶನ್ ಹಾಲ್ ಯಾವತ್ತೂ ಸುಮ್ಮನಿರುವುದಿಲ್ಲ. ತಟ್ಟೆಗಳ ಸದ್ದು, ಮಕ್ಕಳ ಓಡಾಟ, ವರ್ಷಗಳ ಮೇಲೆ ಸಿಕ್ಕ ನೆಂಟರ ಮಾತು. ಎಸ್‌ಎಂ58 ಎದುರಿನ ದನಿಯನ್ನು ಚೆನ್ನಾಗಿ ಹಿಡಿದು, ಹಿಂದಿನ ಸದ್ದನ್ನು ಬಹುಪಾಲು ಬಿಟ್ಟುಬಿಡುತ್ತದೆ. ಜೊತೆಗೆ ಮಾತಿನ ಅಕ್ಷರಗಳು ಸ್ಪಷ್ಟವಾಗುವ ಎತ್ತರದ ಸ್ವರಗಳನ್ನು ಸ್ವಲ್ಪ ಮೇಲೆತ್ತುತ್ತದೆ. ನನ್ನ ಕೆಲಸದಲ್ಲಿ ಇದರ ಬೆಲೆ ಜಾಸ್ತಿ. ಎರಡು ಮನೆಯವರ ಹೆಸರನ್ನೂ ಕೊನೆಯ ಸಾಲಿನವರು ಸರಿಯಾಗಿ ಕೇಳಿಸಿಕೊಳ್ಳಬೇಕು. ಮಗಳ ಹೆಸರು ಮೈಕಿನಲ್ಲಿ ಕೇಳಿಬಂದಾಗ ಅಮ್ಮನ ಮುಖ ನೋಡಿದ್ದೀರಾ? ಅಲ್ಲಿ ಒಂದಕ್ಷರವೂ ಮಸುಕಾಗಬಾರದು.

ಇನ್ನು ಕೊರತೆ. ಈ ಮೈಕನ್ನು ಬಾಯಿಂದ ದೂರ ಹಿಡಿದರೆ ದನಿ ಥಟ್ಟನೆ ಇಳಿಯುತ್ತದೆ. ನಾಚಿಕೆ ಇರುವವರು ಮೈಕನ್ನು ಎದೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ ಮಾತಾಡುತ್ತಾರೆ. ಅವರು ಮನಸಾರೆ ಆಡಿದ ಮಾತು ಮುಂದಿನ ಸಾಲನ್ನೂ ಮುಟ್ಟುವುದಿಲ್ಲ. ಅದಕ್ಕೇ ಮೈಕ್ ಕೊಡುವಾಗ ನಾನೇ ಅವರ ಗಲ್ಲದ ಹತ್ತಿರಕ್ಕೆ ತಂದು, ಕಿವಿಯಲ್ಲಿ "ಇಷ್ಟೇ ಹತ್ತಿರ ಇರಲಿ" ಅನ್ನುತ್ತೇನೆ. ವಯಸ್ಸಾದವರಾದರೆ ಪಕ್ಕದಲ್ಲಿ ನಿಂತು ನಾನೇ ಹಿಡಿಯುತ್ತೇನೆ. ಆಗ ಅವರ ಎರಡೂ ಕೈ ಮಕ್ಕಳ ತಲೆ ಮುಟ್ಟಲು ಖಾಲಿ ಇರುತ್ತವೆ. ತೀರಾ ಹತ್ತಿರ ತಂದರೆ ಗಂಡಸರ ದನಿ ಗುಮ್ಮೆನ್ನುತ್ತದೆ. ಕೆಳಸ್ವರವನ್ನು ಸ್ವಲ್ಪ ಕಡಿಮೆ ಮಾಡಲು ಸೌಂಡ್‌ನವರಿಗೆ ಮೊದಲೇ ಹೇಳಿಟ್ಟರೆ ಸಾಕು.

ಗೆಳೆಯರ ಗುಂಪು ಮೈಕ್ ತೆಗೆದುಕೊಂಡರೆ ಇನ್ನೊಂದು ತೊಂದರೆ. ಜಾಲರಿಯ ಗುಂಡನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿಯುತ್ತಾರೆ. ಹಿಂಬದಿಯ ಸದ್ದನ್ನು ತಡೆಯುವ ಏರ್ಪಾಡು ಆಗ ಕೆಲಸ ಮಾಡುವುದಿಲ್ಲ. ಮೈಕ್ ಎಲ್ಲ ಕಡೆಯಿಂದಲೂ ಸದ್ದು ಹಿಡಿದು ಕೀಂಯ್ ಎಂದು ಕೂಗುತ್ತದೆ. ಮೈಕ್ ಹಿಡಿದು ಸ್ಪೀಕರ್ ಮುಂದೆ ಹೋದರೂ ಇದೇ ಗತಿ. ಯಾವ ಮೈಕಾದರೂ ಅಷ್ಟೇ. ಸ್ಪೀಕರ್‌ಗಳು ಎಲ್ಲಿವೆ ಅಂತ ಜನ ಬರುವ ಮುಂಚೆಯೇ ಒಮ್ಮೆ ನಡೆದು ನೋಡಿಕೊಳ್ಳಿ.

ಸ್ವಿಚ್ ಇರುವ ಮಾದರಿಯೂ ಸಿಗುತ್ತದೆ. ನಿರೂಪಣೆಗೆ ಸ್ವಿಚ್ ಇಲ್ಲದ್ದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಾತು ಮುಗಿಸಿದವರು ಆಫ್ ಮಾಡಿ ಕೊಟ್ಟರೆ, ಮುಂದಿನವರು "ಹಲೋ, ಹಲೋ" ಅನ್ನುತ್ತಾ ಧೈರ್ಯ ಕಳೆದುಕೊಳ್ಳುತ್ತಾರೆ. ಮೇಜುಗಳ ನಡುವೆ ಓಡಾಡುವವರಿಗೆ ಇದೇ ಮೈಕಿನ ತಲೆಭಾಗ ಇರುವ ವೈರ್‌ಲೆಸ್ ಮೈಕ್ ಇದೆ. ಅದಕ್ಕೆ ಹೊಸ ಸೆಲ್ ಹಾಕಿಯೇ ಶುರು ಮಾಡಿ. ವೈರ್‌ಲೆಸ್ ಬಳಸುವ ದಿನವೂ ಕೇಬಲ್‌ನ ಎಸ್‌ಎಂ58 ಒಂದನ್ನು ವೇದಿಕೆ ಪಕ್ಕ ಸಿದ್ಧವಾಗಿಟ್ಟಿರುತ್ತೇನೆ.

ಇಷ್ಟು ಜನರ ಬಾಯಿಯ ಹತ್ತಿರ ಹೋಗುವ ವಸ್ತು ಚೊಕ್ಕಟವಾಗಿರಬೇಕು, ಅಲ್ವಾ? ಜಾಲರಿಯನ್ನು ತಿರುಗಿಸಿ ಬಿಚ್ಚಬಹುದು. ಒಳಗಿನ ಸ್ಪಂಜನ್ನು ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ. ಜಾಲರಿ ನಗ್ಗಿದರೆ ಅದೊಂದನ್ನೇ ಬದಲಾಯಿಸಬಹುದು.

ಕೊಳ್ಳುವಾಗ ಮಾತ್ರ ಎಚ್ಚರ. ಈ ಮೈಕಿನ ನಕಲಿಗಳು ಬಹಳ ಇವೆ, ನೋಡಲು ಥೇಟ್ ಹಾಗೇ ಇರುತ್ತವೆ. ಬೆಲೆ ತೀರಾ ಕಡಿಮೆ ಕಂಡರೆ ಬಿಟ್ಟುಬಿಡಿ. ಕಂಪನಿಯ ಅಧಿಕೃತ ಮಾರಾಟಗಾರರ ಬಳಿಯೇ ತೆಗೆದುಕೊಳ್ಳಿ.