ಬೆರಳಿನಿಂದಲೇ ತೆರೆಯುವ ಮುಚ್ಚಳ: ವಿಕ್ಟರ್ ರೀಡರ್ ಸ್ಟ್ರೀಮ್ ಮತ್ತು ಅದರ ಬ್ಯಾಟರಿ

ನಾನು ಕಣ್ಣು ಕಾಣದ ಶಿಕ್ಷಕ. ರಾಯಚೂರಿನಿಂದ ಮಾನ್ವಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ, ಆ ಪ್ರಯಾಣದ ಹೊತ್ತೇ ನನ್ನ ಓದಿನ ಹೊತ್ತು. ಮೂರು ವರ್ಷಗಳಿಂದ ನನ್ನ ಜೇಬಿನಲ್ಲಿರುವುದು ಕೆನಡಾದ ಹ್ಯೂಮನ್‌ವೇರ್ ಕಂಪನಿ 2007ರಲ್ಲಿ ಹೊರತಂದ ವಿಕ್ಟರ್ ರೀಡರ್ ಸ್ಟ್ರೀಮ್‌ನ ಮೊದಲ ಮಾದರಿ. ಗೆಳೆಯರೊಬ್ಬರು ಬಳಸಿ ಬಿಟ್ಟದ್ದನ್ನು ಅವರಿಂದಲೇ ಕೊಂಡೆ. ಇದು ಡೈಸಿ ಪ್ಲೇಯರ್, ಅಂದರೆ ಕಣ್ಣು ಕಾಣದವರಿಗಾಗಿ ಸಿದ್ಧಪಡಿಸಿದ ಧ್ವನಿ ಪುಸ್ತಕಗಳನ್ನು ಓದಿ ಕೇಳಿಸುವ ಸಾಧನ. ಇಷ್ಟು ಹಳೆಯ ಪ್ಲೇಯರಿನ ಬಗ್ಗೆ ಈಗ ಬರೆಯಲು ಒಂದೇ ಕಾರಣವಿದೆ: ಇದರ ಬೆನ್ನಿನ ಮುಚ್ಚಳವನ್ನು ಯಾರ ಸಹಾಯವೂ ಇಲ್ಲದೆ ತೆಗೆದು ಬ್ಯಾಟರಿಯನ್ನು ನಾನೇ ಬದಲಿಸಬಲ್ಲೆ.

ಇದಕ್ಕೂ ಮೊದಲು ನನ್ನಲ್ಲಿ ಬೇರೊಂದು ಕಂಪನಿಯ ಪ್ಲೇಯರ್ ಇತ್ತು. ತೆಳುವಾಗಿತ್ತು, ಹಗುರವಾಗಿತ್ತು, ಧ್ವನಿಯೂ ಇದಕ್ಕಿಂತ ಇಂಪಾಗಿತ್ತು. ಆದರೆ ಬ್ಯಾಟರಿಯನ್ನು ಒಳಗೇ ಅಂಟಿಸಿ ಮುಚ್ಚಿದ್ದರು. ಎರಡನೆಯ ಬೇಸಿಗೆ ಮುಗಿಯುವಷ್ಟರಲ್ಲಿ ಅದು ಒಂದು ಗಂಟೆಯೂ ಓದದಂತಾಯಿತು. ತೀನ್ ಕಂದಿಲ್ ಬಳಿಯ ಮೊಬೈಲ್ ರಿಪೇರಿಯವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಬಿಚ್ಚಿದರೆ ಕವಚ ಒಡೆಯುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿ ಹಿಂದಿರುಗಿಸಿದರು. ಕೊನೆಗೆ ಬೆಂಗಳೂರಿಗೆ ಕೊರಿಯರ್ ಮಾಡಿದೆ. ಅದು ಮರಳಿ ಬರುವವರೆಗಿನ ಒಂದೂವರೆ ತಿಂಗಳು ನನ್ನ ಪಾಲಿಗೆ ಪುಸ್ತಕಗಳೇ ಇರಲಿಲ್ಲ. ಕಣ್ಣಿದ್ದವರು ಕನ್ನಡಕ ಒಡೆದರೆ ಅದೇ ಸಂಜೆ ಇನ್ನೊಂದನ್ನು ಮಾಡಿಸಿಕೊಳ್ಳುತ್ತಾರೆ. ನನಗೆ ಆ ದಾರಿಯಿರಲಿಲ್ಲ.

ಬ್ಯಾಟರಿ ಸವೆಯುವುದು ತಯಾರಕರ ತಪ್ಪಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಬಳಸಿದರೂ ಬಳಸದಿದ್ದರೂ ವಯಸ್ಸಾಗುತ್ತ ಹೋಗುತ್ತದೆ, ಮತ್ತು ಶಾಖದಲ್ಲಿ, ಅದರಲ್ಲೂ ಪೂರ್ತಿ ಚಾರ್ಜಾದ ಸ್ಥಿತಿಯಲ್ಲಿ ಇಟ್ಟಾಗ, ಇನ್ನೂ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಬಸ್ಸಿನ ಕಿಟಕಿಯ ಪಕ್ಕ ಚೀಲದಲ್ಲಿ ಕುಳಿತ ಯಂತ್ರಕ್ಕೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸವೆಯುವುದು ಖಚಿತವಾಗಿರುವ ಭಾಗವನ್ನೇ ತೆಗೆಯಲಾಗದಂತೆ ಮುಚ್ಚಿಡುವುದು ಮಾತ್ರ ನನಗೆ ಒಪ್ಪಿಗೆಯಾಗದ ಸಂಗತಿ.

ಸ್ಟ್ರೀಮ್‌ನಲ್ಲಿ ಸೊನ್ನೆಯ ಗುಂಡಿ ಒತ್ತಿದರೆ ಬ್ಯಾಟರಿ ಎಷ್ಟು ಉಳಿದಿದೆ ಎಂದು ಹೇಳುತ್ತದೆ. ಹೊಸದಿದ್ದಾಗ ಸುಮಾರು 15 ಗಂಟೆ ಓದುತ್ತದೆಂಬುದು ಕಂಪನಿಯ ಮಾತು. ನನಗೆ ಬಂದ ಹಳೆಯ ಬ್ಯಾಟರಿ ನಾಲ್ಕು ಗಂಟೆಗೇ ಸೋತಾಗ ಅದನ್ನು ಹೊರತೆಗೆದು ನಮ್ಮ ಪಡಸಾಲೆಯ ಶಹಾಬಾದ ಕಲ್ಲಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿದೆ. ಸಪಾಟಾಗಿ ನಿಲ್ಲಬೇಕಾದದ್ದು ಬುಗುರಿಯಂತೆ ತಿರುಗಿತು, ಅಂದರೆ ಹೊಟ್ಟೆ ಉಬ್ಬಿತ್ತು. ಕಣ್ಣು ಬೇಡದ ಈ ಪರೀಕ್ಷೆಯನ್ನು ತೆಗೆಯಬಲ್ಲ ಬ್ಯಾಟರಿಯ ಮೇಲಷ್ಟೇ ಮಾಡಬಹುದು. ಹೊಸದು ಬಂದ ದಿನ ಯಂತ್ರವನ್ನು ಸ್ವಿಚ್ ಆಫ್ ಮಾಡಿ, ಮುಚ್ಚಳ ಜಾರಿಸಿ, ಲೋಹದ ಪಟ್ಟಿಗಳು ಯಾವ ಕಡೆಗಿವೆ ಎಂದು ಬೆರಳ ತುದಿಯಿಂದ ನೋಡಿಕೊಂಡು ಕೂರಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಮೇಲ್ಮುಖ ತಿಳಿಯಲೆಂದು ಅದರ ಮೇಲೆ ದಪ್ಪ ಸ್ಟಿಕ್ಕರಿನ ಚಿಕ್ಕ ಚೂರೊಂದನ್ನು ಅಂಟಿಸಿದ್ದೇನೆ.

ಕೊರತೆಗಳೂ ಇವೆ. ಈ ಮಾದರಿಯಲ್ಲಿ ವೈಫೈ ಇಲ್ಲ, ಆದ್ದರಿಂದ ಕಣ್ಣು ಕಾಣದವರಿಗಾಗಿ ಇರುವ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಎಸ್‌ಡಿ ಕಾರ್ಡಿಗೆ ಹಾಕಬೇಕು. ಕನ್ನಡ ಪಠ್ಯವನ್ನು ಇದು ತಾನಾಗಿ ಓದಿ ಹೇಳುವುದಿಲ್ಲ, ಧ್ವನಿಮುದ್ರಿತ ಪುಸ್ತಕಗಳೇ ಬೇಕು. ಸರಿಯಾದ ಬ್ಯಾಟರಿ ರಾಯಚೂರಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ, ತರಿಸಿಕೊಳ್ಳಬೇಕಾಯಿತು. ತರಿಸುವಾಗ ತಯಾರಿಕೆಯ ದಿನಾಂಕವನ್ನು ಕಣ್ಣಿದ್ದವರಿಂದ ಓದಿಸಿ ನೋಡಿ, ಏಕೆಂದರೆ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತದ್ದು ಹೊಸದೆನಿಸಿಕೊಳ್ಳುವುದಿಲ್ಲ.

ಫೋನೇ ಸಾಕಲ್ಲವೇ ಎಂದು ನಮ್ಮ ಶಾಲೆಯವರೇ ಕೇಳುತ್ತಾರೆ. ಫೋನು ಓದುತ್ತದೆ ನಿಜ, ಆದರೆ ಈಗಿನ ಬಹುತೇಕ ಫೋನುಗಳ ಬ್ಯಾಟರಿಯೂ ಒಳಗೇ ಅಂಟಿರುತ್ತದೆ, ಮತ್ತು ದಾರಿಯಲ್ಲಿ ಅದು ಬರಿದಾದರೆ ಪುಸ್ತಕದ ಜೊತೆಗೆ ಮನೆಯವರ ಸಂಪರ್ಕವೂ ತಪ್ಪುತ್ತದೆ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ಬ್ಯಾಟರಿ ನಿಯಮದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2027ರ ಫೆಬ್ರುವರಿಯಿಂದ ಸಣ್ಣ ಸಾಧನಗಳ ಬ್ಯಾಟರಿಗಳನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕು. ನಮ್ಮ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಉಬ್ಬಿದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ಚುಚ್ಚಲೂ ಬೇಡಿ.

ಹೊಸ ಪ್ಲೇಯರ್ ಕೊಳ್ಳುವವರು ಸ್ಟ್ರೀಮ್ ಆಗಲಿ ಬೇರೆಯದಾಗಲಿ, ಹಣ ಕೊಡುವ ಮೊದಲು ಅದನ್ನು ಕೈಗೆ ಕೇಳಿ ಪಡೆದು, ಬೆನ್ನಿನ ಮೇಲೆ ಉಗುರು ಸಿಕ್ಕುವ ಗೀರು ಇದೆಯೇ ಎಂದು ತಡವಿ ನೋಡಿ, ಮಾರುವವರ ಎದುರಿನಲ್ಲೇ ಒಮ್ಮೆ ಬ್ಯಾಟರಿ ತೆಗೆದು ಹಾಕಿರಿ. ನಾನು ಸಾಧ್ಯವಾದರೆ ಅದೇ ದಿನ ಇನ್ನೊಂದು ಬ್ಯಾಟರಿಯನ್ನೂ ಕೊಳ್ಳುತ್ತೇನೆ. ಅದನ್ನು ಅರ್ಧ ಚಾರ್ಜ್ ಮಾಡಿ, ಮನೆಯಲ್ಲಿ ಅತಿ ತಂಪಾದ ನಡುಮನೆಯ ಗೂಡಿನಲ್ಲಿ ಇಡುತ್ತೇನೆ.