ಕಿಸೆಯ ಆಲ್ಕೋಮೀಟರ್: ಕೊಳ್ಳುವ ಮೊದಲು ಸೆಕ್ಷನ್ 185 ಓದಿಕೊಳ್ಳಿ

ಊದಿದ ಉಸಿರಿನಿಂದ ಮದ್ಯದ ಮಟ್ಟ ಅಳೆಯುವ ಆಲ್ಕೋಮೀಟರ್ ಆನ್‌ಲೈನ್ ಅಂಗಡಿಗಳಲ್ಲಿ ಎರಡು ಜಾತಿಯವು ಸಿಗುತ್ತವೆ. ಒಂದು, ಕೀ ಗೊಂಚಲಿಗೆ ನೇತುಹಾಕುವಷ್ಟು ಸಣ್ಣದು, ಅಗ್ಗದ್ದು, ಒಳಗೆ ಸೆಮಿಕಂಡಕ್ಟರ್ ಸೆನ್ಸರ್. ಇನ್ನೊಂದು ಫ್ಯೂಯಲ್ ಸೆಲ್ ಸೆನ್ಸರ್ ಇರುವಂಥದು. ಬೆಲೆ ಅದರ ಹಲವು ಪಟ್ಟು. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಮೊದಲನೆಯದು ಬೇಡ. ಎರಡನೆಯದನ್ನು ಕೊಳ್ಳಬಹುದು, ಆದರೆ ಒಂದು ಷರತ್ತು: ‘ಓಡಿಸಬೇಡ’ ಎಂದು ಅದು ತೋರಿಸಿದಾಗ ನಂಬಿ, ‘ಪರವಾಗಿಲ್ಲ’ ಎಂದಾಗ ನಂಬಬೇಡಿ. ಕುಡಿದು ಓಡಿಸಿ ಒಮ್ಮೆ ಕೇಸು ಹಾಕಿಸಿಕೊಂಡವರಿಗಂತೂ ಈ ಷರತ್ತಿನಲ್ಲಿ ರಿಯಾಯಿತಿಯೇ ಇಲ್ಲ.

ಕಾರಣ, ಕುಡಿದು ಓಡಿಸುವವರಿಗೆ ಶಿಕ್ಷೆ ಹೇಳುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರಲ್ಲಿದೆ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ಅಪರಾಧ. ಮೊದಲ ಸಲ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲದಿಂದ 2 ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ಈ ದಂಡಗಳು 2,000 ಮತ್ತು 3,000 ರೂಪಾಯಿಯ ಮಿತಿಯಲ್ಲಿದ್ದವು. ಆ ಹಳೆಯ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡು ‘ಕಟ್ಟಿ ಬಂದರಾಯ್ತು’ ಎನ್ನುವವರು ಈಗಲೂ ಇದ್ದಾರೆ. ರಸ್ತೆಯಲ್ಲೇ ಕಟ್ಟಿ ಮುಗಿಸುವ ಪ್ರಕರಣವೂ ಇದಲ್ಲ. ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲದ ಕಾರಣ ಕೋರ್ಟಿಗೇ ಹೋಗಬೇಕು.

ಈಗ 30 ಎಂದರೆ ಎಷ್ಟು ಕುಡಿದಂತೆ ನೋಡೋಣ. ನಮ್ಮ ವಿಸ್ಕಿ, ರಮ್ಮುಗಳಲ್ಲಿ ಶೇ 42.8 ಆಲ್ಕೋಹಾಲ್. 60 ಮಿಲಿಯ ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ. 70 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಅದನ್ನು ಕುಡಿದರೆ, ಕುಡಿದ ಮದ್ಯ ಮತ್ತು ದೇಹದ ತೂಕದಿಂದ ಅಂದಾಜು ಕಟ್ಟುವ ವಿಡ್‌ಮಾರ್ಕ್ ಸೂತ್ರದ ಪ್ರಕಾರ ರಕ್ತದ ಮಟ್ಟ 42ರ ಹತ್ತಿರ. ಅಂದರೆ ಒಂದೇ ದೊಡ್ಡ ಪೆಗ್ಗಿಗೆ ಗೆರೆ ದಾಟಿತು. ಒಂದು ನೈಂಟಿಗೆ 64. ಶೇ 5ರ ಬಿಯರಿನ 650 ಮಿಲಿ ಬಾಟಲಿಗೆ 54, ಶೇ 8ರ ಸ್ಟ್ರಾಂಗ್ ಬಿಯರಾದರೆ 86. ಅದೇ ತೂಕದ ಹೆಂಗಸಿನ ದೇಹದಲ್ಲಿ ನೀರಿನ ಪಾಲು ಕಡಿಮೆ ಇರುವುದರಿಂದ ಮಟ್ಟ ಇನ್ನೂ ಮೇಲೇರುತ್ತದೆ. ಊಟ, ಕುಡಿದ ವೇಗ ಇವೆಲ್ಲ ಸೇರಿ ಅಂಕಿ ಆಚೀಚೆ ಆಗುತ್ತದೆ, ಆದರೆ ‘ಒಂದೇ ಬಿಯರು’ ಎಂಬ ವಾದಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ.

ಇಳಿಯುವುದು ಗಂಟೆಗೆ ಸುಮಾರು 15. ಕಾಫಿ, ಮಜ್ಜಿಗೆ, ತಣ್ಣೀರು ಸ್ನಾನ, ಯಾವುದಕ್ಕೂ ಅದು ಜಗ್ಗದು. ಒಂದು ಕ್ವಾರ್ಟರನ್ನು (180 ಮಿಲಿ) ನಡುರಾತ್ರಿಗೆ ಮುಗಿಸಿ ಮಲಗಿದ ಅದೇ 70 ಕಿಲೋದ ಮನುಷ್ಯನಿಗೆ, ಪೂರ್ತಿ 128ರಿಂದ ಶುರುವಾಯಿತೆಂದರೆ, 30ಕ್ಕೆ ಇಳಿಯಲು ಆರೂವರೆ ಗಂಟೆ ಬೇಕು. ಬೆಳಗ್ಗೆ ಆರಕ್ಕೆ ಶಾಲಾ ವ್ಯಾನು ಹತ್ತುವವನು ಇನ್ನೂ ಗೆರೆಯ ಮೇಲೆಯೇ ಇದ್ದಾನೆ. ನಮ್ಮ ಮಟ್ಟಿಗೆ ಈ ಯಂತ್ರದ ನಿಜವಾದ ಬೆಲೆ ಇರುವುದು ಇಲ್ಲೇ. ರಾತ್ರಿ ಬಾರಿನ ಮೇಜಿಗಿಂತ ಮರುದಿನ ಬೆಳಗ್ಗೆ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಾರಿನ ಮೇಜಿನಲ್ಲಿ ಅದು ಯಾಕೆ ಕೈಕೊಡುತ್ತದೆ ಎನ್ನುವುದಕ್ಕೆ ಎರಡು ಕಾರಣ, ಎರಡೂ ವಿರುದ್ಧ ದಿಕ್ಕಿನವು. ಕೊನೆಯ ಗುಟುಕಿನ ಬೆನ್ನಿಗೇ ಊದಿದರೆ ಬಾಯಲ್ಲಿ ಉಳಿದ ಮದ್ಯವೇ ಅಳತೆಗೆ ಸಿಕ್ಕಿ ಅಂಕಿ ಹಾರುತ್ತದೆ. ಅದಕ್ಕೇ ಕನಿಷ್ಠ 15ರಿಂದ 20 ನಿಮಿಷ ಏನೂ ತಿನ್ನದೆ, ಕುಡಿಯದೆ, ಸೇದದೆ ಕಾಯಬೇಕು. ಮದ್ಯ ಬೆರೆತ ಮೌತ್‌ವಾಶ್, ಅರಿಷ್ಟ, ಕೆಲವು ಕೆಮ್ಮಿನ ಸಿರಪ್ಪು, ಹೋಮಿಯೋಪಥಿ ಹನಿಗಳಿಗೂ ಇದೇ ಮಾತು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಆರುವ ಮುನ್ನವೇ ಯಂತ್ರ ಹಿಡಿದರೂ ತಪ್ಪು ಅಂಕಿ ಬರಬಹುದು. ಇಪ್ಪತ್ತು ನಿಮಿಷ ಕಾದು ಊದಿದಾಗ ಎರಡನೇ ತೊಡಕು ಎದುರಾಗುತ್ತದೆ. ಮದ್ಯ ರಕ್ತಕ್ಕೆ ಪೂರ್ತಿ ಸೇರಲು ಅರ್ಧ ಗಂಟೆಯಿಂದ ಒಂದು ಗಂಟೆ, ಹೊಟ್ಟೆ ತುಂಬ ಉಂಡಿದ್ದರೆ ಅದಕ್ಕೂ ಹೆಚ್ಚು ಹೊತ್ತು ಬೇಕು. ಮೇಜಿನಲ್ಲಿ 22 ತೋರಿಸಿದ್ದು ನಾಕಾಬಂದಿ ತಲುಪುವಷ್ಟರಲ್ಲಿ 40 ಆಗಿರಬಹುದು. ಯಂತ್ರ ಸುಳ್ಳು ಹೇಳಿರುವುದಿಲ್ಲ, ಆ ಕ್ಷಣದ್ದನ್ನು ಹೇಳಿರುತ್ತದೆ ಅಷ್ಟೇ. ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಊದಿ, ಎರಡನೆಯದು ಹೆಚ್ಚಿದ್ದರೆ ಮಟ್ಟ ಇನ್ನೂ ಏರುತ್ತಿದೆ ಎಂದೇ ತಿಳಿಯಬೇಕು.

ಇನ್ನು ಸೆನ್ಸರ್. ಅಗ್ಗದ ಯಂತ್ರದ ಒಳಗಿರುವುದು ಟಿನ್ ಆಕ್ಸೈಡ್ ಬಿಲ್ಲೆ. ಬಿಸಿಯಾದ ಮೇಲೆ ಅದಕ್ಕೆ ಮದ್ಯದ ಆವಿ ತಾಗಿದರೆ ವಿದ್ಯುತ್ ಪ್ರತಿರೋಧ ಬದಲಾಗುತ್ತದೆ. ತೊಂದರೆ ಏನೆಂದರೆ ಸಿಗರೇಟಿನ ಹೊಗೆ, ಸೆಂಟು, ಗಾಳಿಯ ತೇವ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರ ಉಸಿರಿನ ಅಸಿಟೋನ್ ತಾಗಿದರೂ ಅದು ಬದಲಾಗುತ್ತದೆ. ಫ್ಯೂಯಲ್ ಸೆಲ್‌ನಲ್ಲಿ ಪ್ಲಾಟಿನಂ ಎಲೆಕ್ಟ್ರೋಡಿನ ಮೇಲೆ ಎಥನಾಲ್ ಉತ್ಕರ್ಷಣಗೊಂಡು ಸಣ್ಣ ಕರೆಂಟು ಹುಟ್ಟುತ್ತದೆ, ಅದನ್ನೇ ಅಳೆಯುವುದು. ಅಸಿಟೋನಿಗೆ ಅದು ಸೊಪ್ಪು ಹಾಕುವುದಿಲ್ಲ. ಪೊಲೀಸರ ಕೈಯಲ್ಲಿರುವ, ರಸೀದಿ ಮುದ್ರಿಸುವ ಯಂತ್ರಗಳೂ ಈ ಜಾತಿಯವೇ. ಹಾಗೆಂದು ಕಿಸೆಯ ಯಂತ್ರ ಅವಕ್ಕೆ ಸಮವಲ್ಲ. ಒಳ್ಳೆಯ ವೈಯಕ್ತಿಕ ಮಾದರಿಗಳ ಡಬ್ಬಿಯ ಮೇಲೂ ಶೇ 0.05ರ ಮಟ್ಟದಲ್ಲಿ ಶೇ 0.005ರ ಏರುಪೇರು ಎಂದು ಬರೆದಿರುತ್ತದೆ, ಅಂದರೆ ಆಚೀಚೆ 5 ಮಿಲಿಗ್ರಾಂ. ಅದೂ ಕ್ಯಾಲಿಬ್ರೇಶನ್ ಹೊಸದಿರುವಾಗ. 26 ಎಂದು ಕಂಡದ್ದು 31 ಇರಬಹುದು.

ಕ್ಯಾಲಿಬ್ರೇಶನ್ ವಿಷಯದಲ್ಲೇ ಹೆಚ್ಚಿನವರು ಮೋಸ ಹೋಗುವುದು. ಆರು ತಿಂಗಳಿಂದ ಒಂದು ವರ್ಷಕ್ಕೊಮ್ಮೆ, ಗೊತ್ತಿರುವ ಪ್ರಮಾಣದ ಮದ್ಯದ ಅನಿಲ ಊದಿಸಿ ಯಂತ್ರವನ್ನು ಸರಿಹೊಂದಿಸಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ. ಮಾರುವವರು ಭಾರತದಲ್ಲೇ ಅದನ್ನು ಮಾಡಿಕೊಡುತ್ತಾರಾ, ಎಷ್ಟು ದಿನ, ಎಷ್ಟು ಖರ್ಚು ಎಂದು ಕೊಳ್ಳುವ ಮೊದಲೇ ಕೇಳಿ. ಉತ್ತರ ಬರದಿದ್ದರೆ ಅದು ಒಂದು ವರ್ಷದ ಆಟಿಕೆ. ಸೆನ್ಸರ್ ಮಾಡ್ಯೂಲನ್ನೇ ಬಿಚ್ಚಿ ಬದಲಿಸುವ ಮಾದರಿಗಳೂ ಇವೆ, ದೂರದ ಊರಿನವರಿಗೆ ಅವು ಅನುಕೂಲ.

ಉಸಿರಿನ ಒತ್ತಡ ಅಳೆಯುವ ಸೆನ್ಸರ್ ಇದೆಯೇ ಎಂಬುದೂ ಮುಖ್ಯ. ಎದೆಯ ಆಳದ ಗಾಳಿ ಬರಲು ನಾಲ್ಕೈದು ಸೆಕೆಂಡು ಒಂದೇ ಸಮನೆ ಊದಬೇಕು. ಫೂ ಎಂದು ತುಟಿಯಂಚಿನಲ್ಲಿ ಊದಿದರೆ ಅಂಕಿ ಕಡಿಮೆ ಬರುತ್ತದೆ. ಒತ್ತಡ ನೋಡುವ ಯಂತ್ರ ಅಂಥ ಊದನ್ನು ತಿರಸ್ಕರಿಸುತ್ತದೆ, ನೋಡದ್ದು ಹಾಗೇ ಒಪ್ಪಿಕೊಂಡು ನಿಮ್ಮನ್ನು ಖುಷಿಪಡಿಸುತ್ತದೆ. ಮೌತ್‌ಪೀಸ್ ತಲೆಗೊಂದು ಬೇಕು. ಎಂಜಲು ಒಳಗಿಳಿದರೆ ಸೆನ್ಸರ್ ಹಾಳು. ರಾಯಚೂರಿನ ಮೇ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೂ ಅದೇ ಗತಿ.

ಯೂನಿಟ್ಟಿನ ಗೊಂದಲ ಬೇರೆ. ನಮ್ಮ 30 ಮಿಲಿಗ್ರಾಂ ಎಂದರೆ ಯಂತ್ರದ ಪರದೆಯಲ್ಲಿ ಶೇ 0.03, ಇಲ್ಲವೇ ಸಾವಿರಕ್ಕೆ 0.30, ಇಲ್ಲವೇ ಒಂದು ಲೀಟರ್ ಉಸಿರಿಗೆ 0.14 ಮಿಲಿಗ್ರಾಂ. ಕೊನೆಯ ಯೂನಿಟ್ಟಿನಲ್ಲಿ 0.25 ಕಂಡು ‘0.3ಕ್ಕಿಂತ ಕಡಿಮೆ’ ಎಂದುಕೊಂಡರೆ, ರಕ್ತದಲ್ಲಿ ಇರುವುದು 52. ಅಮೆರಿಕದಿಂದ ನೆಂಟರು ತಂದುಕೊಟ್ಟ ಯಂತ್ರವಾದರೆ ಕೆಂಪು ದೀಪ ಶೇ 0.08ಕ್ಕೆ ಹೊತ್ತುವಂತೆ ಇಟ್ಟಿರಬಹುದು, ಅಲ್ಲಿನ ಹೆಚ್ಚಿನ ರಾಜ್ಯಗಳ ಮಿತಿ ಅದು. ಆ ದೀಪ ಹೊತ್ತುವ ಹೊತ್ತಿಗೆ ನಮ್ಮ ಮಿತಿಯ ಎರಡೂವರೆ ಪಟ್ಟು ದಾಟಿರುತ್ತದೆ. ದೀಪದ ಬಣ್ಣ ನೋಡಲೇಬೇಡಿ, ಅಂಕಿ ಓದಿ.

ಪೊಲೀಸರ ಮುಂದೆ ‘ನನ್ನದರಲ್ಲಿ ಇಷ್ಟೇ ಬಂತು’ ಎಂದು ತೋರಿಸುವ ಆಸೆಯಿದ್ದರೆ ಬಿಡಿ. ಕಾಯ್ದೆಯ ಪ್ರಕಾರ ಉಸಿರು ಪರೀಕ್ಷೆ ಎಂದರೆ ಕೇಂದ್ರ ಸರ್ಕಾರ ಅಂಗೀಕರಿಸಿದ ಬಗೆಯ ಉಪಕರಣದಲ್ಲಿ ನಡೆದದ್ದು. ನಿಮ್ಮ ಯಂತ್ರದ ಅಂಕಿಗೆ ಅಲ್ಲಿ ಬೆಲೆ ಇಲ್ಲ. ಅನುಮಾನವಿದ್ದರೆ ರಕ್ತ ಪರೀಕ್ಷೆ ಕೇಳುವುದೇ ದಾರಿ. ಸೆಕ್ಷನ್ 185ರಡಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರ ತಪಾಸಣೆ ಆಗಬೇಕು, ಇಲ್ಲವಾದರೆ ಬಿಡಬೇಕು ಎಂದು ಸೆಕ್ಷನ್ 202 ಹೇಳುತ್ತದೆ. ಊದುವುದೇ ಇಲ್ಲ ಎಂದು ಹಟ ಹಿಡಿದರೆ ಆ ನಿರಾಕರಣೆಯನ್ನೇ ವಿರುದ್ಧ ಸಾಕ್ಷಿಯಾಗಿ ಪರಿಗಣಿಸಲು 205ರಲ್ಲಿ ಅವಕಾಶವಿದೆ.

ಎರಡನೇ ಸಲ ಸಿಕ್ಕಿಬಿದ್ದವರು ಹತ್ತು ಸಾವಿರ ಹದಿನೈದು ಆಯಿತು ಎಂದಷ್ಟೇ ಲೆಕ್ಕ ಹಾಕುತ್ತಾರೆ. ನಿಜವಾದ ಪೆಟ್ಟು ಲೈಸೆನ್ಸಿಗೆ. ಸೆಕ್ಷನ್ 206ರ ಪ್ರಕಾರ ಪೊಲೀಸರು ಡಿಎಲ್ ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸುತ್ತಾರೆ. ಮೊದಲ ಸಲ 3 ತಿಂಗಳ ಅನರ್ಹತೆ, ಎರಡನೇ ಸಲ ಲೈಸೆನ್ಸೇ ರದ್ದು ಎಂದು ಸೆಕ್ಷನ್ 19 ಹೇಳುತ್ತದೆ. ಇದು ಆರ್‌ಟಿಒ ಕಡೆಯದು. ಶಿಕ್ಷೆ ಕೊಡುವ ಕೋರ್ಟು ಸೆಕ್ಷನ್ 20ರಡಿ ಕನಿಷ್ಠ 6 ತಿಂಗಳ ಅನರ್ಹತೆ ವಿಧಿಸಲೇಬೇಕು. ಆ ಅವಧಿಯಲ್ಲಿ ಓಡಿಸಿದರೆ 182ರಡಿ ಮತ್ತೆ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ದಂಡ, ಇಲ್ಲವೇ ಎರಡೂ. ಮೊದಲ ಸಲ ‘ಬೇಗ ಮುಗಿಯಲಿ’ ಎಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೂ ಶಿಕ್ಷೆಯೇ, ಮುಂದಿನದು ‘ಎರಡನೇ ಅಪರಾಧ’ ಎನಿಸಿಕೊಳ್ಳುವುದು ಅದರ ಮೇಲೇ. ಅಂಥವರ ಕೈಯಲ್ಲಿ 5 ಮಿಲಿಗ್ರಾಂ ಏರುಪೇರಿನ ಯಂತ್ರವಿದ್ದರೆ ಒಪ್ಪಬಹುದಾದ ಅಂಕಿ ಒಂದೇ, ಸೊನ್ನೆ.

ಹಾಗಾದರೆ ಯಾರು ಕೊಳ್ಳಬೇಕು? ಟ್ಯಾಕ್ಸಿ, ಶಾಲಾ ವ್ಯಾನು, ಲಾರಿ ಇಟ್ಟವರು ಮೊದಲು. ಕುಡಿದಿದ್ದಾನೆಂದು ಗೊತ್ತಿದ್ದೂ ಕೀ ಕೊಟ್ಟವರನ್ನು ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರೆಂದು ಹಿಡಿಯಲು ಸೆಕ್ಷನ್ 188 ಇದೆ, ಶಿಕ್ಷೆ ಓಡಿಸಿದವನಿಗೆ ಆಗುವಷ್ಟೇ. ಶೆಡ್ಡಿನ ಬಾಗಿಲಲ್ಲಿ ಒಂದು ಫ್ಯೂಯಲ್ ಸೆಲ್ ಯಂತ್ರ, ತಲೆಗೊಂದು ಮೌತ್‌ಪೀಸ್, ಸಮಯ ಮತ್ತು ಅಂಕಿ ಬರೆಯಲು ಒಂದು ಪುಸ್ತಕ. ಸೊನ್ನೆ ಬರದಿದ್ದರೆ ಬಾಯಿ ಮುಕ್ಕಳಿಸಿ ಇಪ್ಪತ್ತು ನಿಮಿಷ ಕಾದು ಇನ್ನೊಮ್ಮೆ ಊದಿಸಿ. ಆಗಲೂ ಬರದಿದ್ದರೆ ಆ ದಿನದ ಟ್ರಿಪ್ಪಿಗೆ ಬೇರೆ ಡ್ರೈವರ್. ವಾರಾಂತ್ಯಕ್ಕೆ ಸ್ನೇಹಿತರ ಜೊತೆ ಹೋಗುವವರಿಗೆ ಇದೇ ದುಡ್ಡಿನಲ್ಲಿ ಎಷ್ಟೋ ಸಲ ಕ್ಯಾಬ್ ಸಿಗುತ್ತದೆ, ಅದಕ್ಕೆ ಕ್ಯಾಲಿಬ್ರೇಶನ್ ಬೇಡ.